ಹಸಿರಾದ ಕೊಳಕ್ಕೊಂದು ಶಾಕ್!

ಮನೆಯಂಗಳದ ಈಜುಕೊಳ ಪಾಚಿಗಟ್ಟಿದೆಯೇ? ನೀರಿಗಿಳಿದವರ ಕಣ್ಣು ಉರಿಯುತ್ತಿದೆಯೇ? ನೀರನ್ನೆಲ್ಲ ಚರಂಡಿಗೆ ಬಿಡುವ ಮೊದಲು ಒಂದೇ ಒಂದು ರಾತ್ರಿ ಕಾಯಿರಿ. ಕೆಟ್ಟ ನೀರನ್ನು ಉಳಿಸಿಕೊಳ್ಳುವ ಉಪಾಯವೊಂದಿದೆ.

ಏಪ್ರಿಲ್ ತಿಂಗಳ ಒಂದು ಭಾನುವಾರ. ಬನಶಂಕರಿ ಎರಡನೇ ಹಂತದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹಿತ್ತಿಲಿನಲ್ಲಿ ನೀಲಿ ಟೈಲ್ಸ್ ಹಾಸಿದ ಪುಟ್ಟ ಈಜುಕೊಳ. ಬೇಸಿಗೆ ರಜೆಗೆಂದು ಮೈಸೂರು, ದಾವಣಗೆರೆಗಳಿಂದ ಬಂದಿಳಿದ ಮಕ್ಕಳ ಸೈನ್ಯ ಟವೆಲ್ ಹೆಗಲಿಗೇರಿಸಿಕೊಂಡು ಸಿದ್ಧವಾಗಿ ನಿಂತಿದೆ. ಆದರೆ ಮೂರು ದಿನದ ಹಿಂದೆ ತಳದ ಟೈಲ್ಸ್ ಎಣಿಸುವಷ್ಟು ತಿಳಿಯಾಗಿದ್ದ ನೀರು ಇಂದು ಪಾಲಕ್ ಸೊಪ್ಪಿನ ಸಾರಿನಂತಾಗಿದೆ!

‘ಎಲ್ಲಾ ಚೆಲ್ಲಿಬಿಡೋಣ ಸಾರ್, ಹೊಸ ನೀರು ತುಂಬಿಸಿದ್ರಾಯ್ತು’ ಎನ್ನುತ್ತಾನೆ ಕೊಳ ತೊಳೆಯಲು ಬರುವ ಹುಡುಗ.

‘ಏನಪ್ಪಾ ಹಾಗಂತೀಯ, ಟ್ಯಾಂಕರ್‌ನವನಿಗೆ ದುಡ್ಡು ಕೊಡೋರ್ಯಾರು?’ ಎಂದು ಯಜಮಾನರು ತಲೆ ಕೆರೆದುಕೊಳ್ಳುತ್ತಾರೆ.

ಅಡುಗೆಮನೆಯ ಬಾಗಿಲಲ್ಲಿ ನಿಂತ ಅಜ್ಜಿ ನಡುವೆ ಬಾಯಿ ಹಾಕುತ್ತಾರೆ: ‘ನಮ್ಮೂರಲ್ಲಿ ಬಾವಿ ನೀರು ಕೆಟ್ರೆ ಬ್ಲೀಚಿಂಗ್ ಪೌಡರ್ ಹಾಕೋರು ಕಣೋ. ಬಾವೀನೇ ಬರಿದು ಮಾಡ್ತಿದ್ರೇನು?’

ಅಜ್ಜಿಯ ಮಾತೇ ಸರಿ. ಮಳೆಗಾಲದಲ್ಲಿ ಪಂಚಾಯಿತಿಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದು, ‘ಇಂದು ನೀರು ಸೇದಬೇಡಿ’ ಎಂದು ಹೇಳಿ ಹೋಗುತ್ತಿದ್ದರಲ್ಲ, ಅದೇ ವಿದ್ಯೆಗೆ ಈಜುಕೊಳದ ಮಂದಿ ಇಟ್ಟ ಹೆಸರು ‘ಶಾಕ್ ಟ್ರೀಟ್‌ಮೆಂಟ್’. ಹೆದರಬೇಡಿ, ಇದಕ್ಕೂ ವಿದ್ಯುತ್ತಿಗೂ ಸಂಬಂಧವಿಲ್ಲ. ದಿನನಿತ್ಯ ಚಿಟಿಕೆಯಷ್ಟು ಹಾಕುವ ಕ್ಲೋರಿನ್ನನ್ನು ಒಂದು ರಾತ್ರಿಯ ಮಟ್ಟಿಗೆ ಹಲವು ಪಟ್ಟು ಹೆಚ್ಚಿಸಿ, ನೀರಿನಲ್ಲಿ ಸೇರಿಕೊಂಡ ಕೊಳೆಯನ್ನೆಲ್ಲ ಒಮ್ಮೆಗೇ ಸುಟ್ಟುಹಾಕುವುದು, ಅಷ್ಟೇ.

ನೀರು ಚೆಲ್ಲುವ ಕಾಲವಲ್ಲ

ದಕ್ಷಿಣ ಬೆಂಗಳೂರಿಗೂ ಈಜಿಗೂ ಹಳೆಯ ನಂಟು. ಬಸವನಗುಡಿಯ ಅಕ್ವಾಟಿಕ್ ಸೆಂಟರಿಗೆ ಬೆಳಗಿನ ಜಾವದಲ್ಲೇ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವ ಅಪ್ಪಂದಿರು ಇಲ್ಲಿ ಅಪರೂಪವೇನಲ್ಲ. ಬೆಂಗಳೂರಿನ ನಿಶಾ ಮಿಲ್ಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, ಶಿಖಾ ಟಂಡನ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಈಜಿದ ಮೇಲಂತೂ ಈ ಹುಚ್ಚು ಇನ್ನಷ್ಟು ಹೆಚ್ಚಿತು. ಆದರೆ ಸ್ವಂತ ಮನೆಯಲ್ಲೇ ಕೊಳ ಎಂಬುದು ಈಚಿನ ಸಂಗತಿ. ಜೆ.ಪಿ. ನಗರದ ಬಂಗಲೆಗಳ ಹಿತ್ತಿಲಲ್ಲಿ, ಜಯನಗರದ ಹಳೆಯ ಮನೆ ಕೆಡವಿ ಕಟ್ಟಿದ ಹೊಸ ಮನೆಯ ತಾರಸಿಯ ಮೇಲೆ, ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಇಂಥ ಕೊಳಗಳು ಕಾಣಿಸಿಕೊಂಡಿವೆ.

ಕೊಳವೇನೋ ಬಂತು, ನೀರು? 2024ರ ಬೇಸಿಗೆಯನ್ನು ಬೆಂಗಳೂರಿಗರು ಅಷ್ಟು ಬೇಗ ಮರೆಯಲಾರರು. ಕೊಳವೆಬಾವಿಗಳು ಒಂದೊಂದಾಗಿ ಕೈಕೊಟ್ಟವು. ಆ ವರ್ಷದ ಮಾರ್ಚ್‌ನಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಅದೇ ತಿಂಗಳು ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳಿಗೆ ದರ ಗೊತ್ತುಪಡಿಸಿತು. ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರ ಕೊಂಚ ಉಸಿರಾಡಿತು, ನಿಜ. ಆದರೆ ನೂರು ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪು ಮಾಡಿ ತಂದ ನೀರು ಎಂದಿಗೂ ಅಗ್ಗದ ನೀರಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳ ಎಂದರೆ 40 ಘನ ಮೀಟರ್. ಅಂದರೆ 40,000 ಲೀಟರ್! ಒಮ್ಮೆ ಬರಿದು ಮಾಡಿ ತುಂಬಿಸಲು ಆರು ಸಾವಿರ ಲೀಟರಿನ ಏಳು ಟ್ಯಾಂಕರ್ ಬೇಕು. 2024ರ ಆ ಸರಕಾರಿ ದರದಲ್ಲೇ 4,200 ರೂಪಾಯಿ. ಪಕ್ಕದ ಬೀದಿಯ ಜನ ಕೊಡ ಹಿಡಿದು ನಿಂತಿರುವಾಗ ಇಷ್ಟು ನೀರನ್ನು ಮೋರಿಗೆ ಬಿಡುವುದು ಬರೀ ದುಡ್ಡಿನ ಪ್ರಶ್ನೆಯೂ ಅಲ್ಲ. ಆದ್ದರಿಂದ ಇರುವ ನೀರನ್ನೇ ಶುದ್ಧ ಮಾಡಿಕೊಳ್ಳುವ ವಿದ್ಯೆ ಕೊಳವಿಟ್ಟುಕೊಂಡವರಿಗೆ ಬರಲೇಬೇಕು.

ಎರಡು ಶತಮಾನದ ಪುಡಿ

ಕ್ಲೋರಿನ್ ಅನಿಲವನ್ನು ಮೊದಲು ತಯಾರಿಸಿದವನು ಸ್ವೀಡನ್ನಿನ ಷೀಲೆ, 1774ರಲ್ಲಿ. ಅದಕ್ಕೆ ಈಗಿನ ಹೆಸರಿಟ್ಟವನು ಇಂಗ್ಲೆಂಡಿನ ಹಂಫ್ರಿ ಡೇವಿ, 1810ರಲ್ಲಿ. ಇವರಿಬ್ಬರ ನಡುವೆ, 1799ರಲ್ಲಿ, ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಸುಣ್ಣದೊಂದಿಗೆ ಕ್ಲೋರಿನ್ ಬೆರೆಸಿ ಬ್ಲೀಚಿಂಗ್ ಪೌಡರಿಗೆ ಪೇಟೆಂಟ್ ಪಡೆದ. ಅವನ ಉದ್ದೇಶ ಬಟ್ಟೆ ಬಿಳುಪಾಗಿಸುವುದಷ್ಟೇ. ಅದರಿಂದ ಊರಿನ ನೀರನ್ನೂ ಶುದ್ಧಗೊಳಿಸಬಹುದು ಎಂಬುದು ಬಳಕೆಗೆ ಬರಲು ಮತ್ತೊಂದು ಶತಮಾನವೇ ಬೇಕಾಯಿತು. 1908ರಲ್ಲಿ ಅಮೆರಿಕದ ಜರ್ಸಿ ನಗರದ ನೀರಿಗೆ ವೈದ್ಯ ಜಾನ್ ಲೀಲ್ ಕ್ಲೋರಿನ್ ಬೆರೆಸುವ ಏರ್ಪಾಡು ಮಾಡಿದರು. ಅದಾದ ಎರಡು ಮೂರು ವರ್ಷಗಳಲ್ಲೇ ಅಲ್ಲಿನ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳಕ್ಕೂ ಇದೇ ಪುಡಿ ಬಿತ್ತು.

ನೀರಿಗೆ ಬಿದ್ದ ಕ್ಲೋರಿನ್ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣುಗಳ ಗೋಡೆ ಒಡೆದು ಒಳನುಗ್ಗುವ ಸಿಪಾಯಿ ಇದೇ. ಆದರೆ ಈ ಸಿಪಾಯಿಯ ಪರಾಕ್ರಮವೆಲ್ಲ ನೀರಿನ ಆಮ್ಲ-ಕ್ಷಾರ ಗುಣದ ಮೇಲೆ, ಅಂದರೆ ‘ಪಿ.ಎಚ್.’ ಮೇಲೆ ನಿಂತಿದೆ. ಪಿ.ಎಚ್. 7.5 ಇದ್ದಾಗ ಹಾಕಿದ ಕ್ಲೋರಿನ್ನಿನಲ್ಲಿ ಸುಮಾರು ಅರ್ಧದಷ್ಟು ಈ ಚುರುಕಾದ ರೂಪದಲ್ಲಿರುತ್ತದೆ. 8ಕ್ಕೇರಿದರೆ ಕಾಲು ಭಾಗ ಮಾತ್ರ. 8.5 ಆಯಿತೋ, ಹತ್ತರಲ್ಲಿ ಒಂದು ಭಾಗ! ಉಳಿದದ್ದು ಸೋಮಾರಿ ರೂಪದಲ್ಲಿ ಸುಮ್ಮನೆ ತೇಲಿಕೊಂಡಿರುತ್ತದೆ. ‘ಎಷ್ಟು ಸುರಿದರೂ ಪಾಚಿ ಹೋಗುತ್ತಿಲ್ಲ’ ಎಂದು ಗೋಳಾಡುವವರು ಮೊದಲು ಪಿ.ಎಚ್. ನೋಡಬೇಕು. ಶಾಕ್ ಕೊಡುವ ಮುನ್ನ ಅದು 7.2ರಿಂದ 7.4ರೊಳಗೆ ಇರುವುದು ಒಳ್ಳೆಯದು.

ವಾಸನೆ ಹೇಳುವ ಸತ್ಯ

ಕೊಳದ ಬಳಿ ಹೋದೊಡನೆ ಮೂಗಿಗೆ ಘಾಟು ಬಡಿಯುತ್ತದೆ. ಈಜಿ ಬಂದ ಮಗುವಿನ ಕಣ್ಣು ಕೆಂಡದಂತಾಗಿದೆ. ‘ಕ್ಲೋರಿನ್ ಜಾಸ್ತಿ ಹಾಕಿಬಿಟ್ಟಿದ್ದಾರೆ’ ಎಂಬುದು ಎಲ್ಲರ ತೀರ್ಮಾನ. ನಿಜ ಸಂಗತಿ ಇದಕ್ಕೆ ಬಹುಮಟ್ಟಿಗೆ ವಿರುದ್ಧ. ಅಲ್ಲಿ ಕ್ಲೋರಿನ್ ಸಾಲದೇ ಹೋಗಿದೆ!

ಬೆವರು, ಮೂತ್ರಗಳಲ್ಲಿ ಸಾರಜನಕದ ಅಂಶಗಳಿವೆ. ಅವು ಕ್ಲೋರಿನ್ನಿನೊಡನೆ ಸೇರಿ ‘ಕ್ಲೋರಮಿನ್’ ಎಂಬ ಸಂಯುಕ್ತಗಳಾಗುತ್ತವೆ. ಮೂಗಿಗೆ ಬಡಿಯುವ ವಾಸನೆ ಇವುಗಳದು. ಕಣ್ಣು ಉರಿಸುವುದೂ ಗಂಟಲು ಕೆರೆಯುವುದೂ ಇವೇ. ಇವುಗಳಿಗೆ ರೋಗಾಣು ಕೊಲ್ಲುವ ಶಕ್ತಿ ತೀರಾ ಕಡಿಮೆ. ಅಂದರೆ ಸಿಪಾಯಿಗಳನ್ನು ಕೊಳೆ ತನ್ನ ಕಡೆಗೆ ಸೆಳೆದುಕೊಂಡಂತಾಯಿತು. ಚೆನ್ನಾಗಿ ಇಟ್ಟುಕೊಂಡ ಕೊಳದಲ್ಲಿ ಘಾಟು ಇರುವುದೇ ಇಲ್ಲ ಎನ್ನಬಹುದು.

ಹಾಗಾಗಿ ಲೆಕ್ಕದಲ್ಲಿ ಎರಡು ಬಗೆಯ ಕ್ಲೋರಿನ್. ಕೆಲಸಕ್ಕೆ ಸಿದ್ಧವಾಗಿರುವುದು ಸ್ವತಂತ್ರ ಕ್ಲೋರಿನ್, ಕೊಳೆಗೆ ಅಂಟಿಕೊಂಡದ್ದು ಸಂಯುಕ್ತ ಕ್ಲೋರಿನ್. ಎರಡೂ ಸೇರಿದರೆ ಒಟ್ಟು ಕ್ಲೋರಿನ್. ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣ ಬರಿಸುವ ಅಗ್ಗದ ದ್ರಾವಣ ಒಟ್ಟು ಮೊತ್ತವನ್ನಷ್ಟೇ ತೋರಿಸುತ್ತದೆ. ಗುಲಾಬಿ ಬಣ್ಣ ಬರಿಸುವ ‘ಡಿಪಿಡಿ’ ಪರೀಕ್ಷೆ ಎರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಕೊಳವಿದ್ದವರ ಮನೆಯಲ್ಲಿ ಇರಬೇಕಾದ್ದು ಇದು.

ಲೆಕ್ಕ ಹೀಗೆ

ಪ್ರಮಾಣವನ್ನು ‘ಪಿ.ಪಿ.ಎಂ.’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗ ಕ್ಲೋರಿನ್ ಎಂದು ಅರ್ಥ. ಗೃಹಸ್ಥರಿಗೆ ಸುಲಭವಾದ ಸೂತ್ರವೆಂದರೆ, ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಶುದ್ಧ ಕ್ಲೋರಿನ್ ಹಾಕಿದರೆ ಒಂದು ಪಿ.ಪಿ.ಎಂ. ದಿನನಿತ್ಯ ಕೊಳದಲ್ಲಿ 1ರಿಂದ 3 ಪಿ.ಪಿ.ಎಂ. ಸ್ವತಂತ್ರ ಕ್ಲೋರಿನ್ ಇದ್ದರೆ ಸಾಕು.

ಪರೀಕ್ಷೆಯಲ್ಲಿ ಒಟ್ಟು ಕ್ಲೋರಿನ್ 2.5, ಸ್ವತಂತ್ರ ಕ್ಲೋರಿನ್ 1.5 ಬಂತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 1. ಅದೇ ಸಂಯುಕ್ತ ಕ್ಲೋರಿನ್. ಇದನ್ನು ಒಡೆಯಲು ಅದರ ಹತ್ತು ಪಟ್ಟು, ಅಂದರೆ 10 ಪಿ.ಪಿ.ಎಂ. ಕ್ಲೋರಿನ್ ಬೇಕು ಎಂಬುದು ಬಳಕೆಯಲ್ಲಿರುವ ಸ್ಥೂಲ ಲೆಕ್ಕ. 40,000 ಲೀಟರಿನ ಕೊಳಕ್ಕೆ 400 ಗ್ರಾಂ ಶುದ್ಧ ಕ್ಲೋರಿನ್ ಆಯಿತು.

ಇಲ್ಲೊಂದು ಸೂಕ್ಷ್ಮವಿದೆ. ಅರೆಮನಸ್ಸಿನಿಂದ ಅರ್ಧ ಪ್ರಮಾಣ ಹಾಕಿದರೆ ಕ್ಲೋರಮಿನ್ ಒಡೆಯುವುದಿಲ್ಲ. ಬದಲಿಗೆ ಇನ್ನಷ್ಟು ಘಾಟಿನ ರೂಪ ತಾಳುತ್ತದೆ. ಒಂದು ಗಡಿ ದಾಟಿದ ಮೇಲೆಯೇ ಅದು ಒಡೆದು ಅನಿಲವಾಗಿ ಹಾರಿಹೋಗುವುದು. ‘ಶಾಕ್’ ಎಂಬ ಹೆಸರು ಬಂದದ್ದು ಇದಕ್ಕೇ. ದಿನಕ್ಕೊಂದಿಷ್ಟು ಎಂದು ಕಂತಿನಲ್ಲಿ ತೀರಿಸುವ ಸಾಲವಲ್ಲ ಇದು.

ಯಾವ ಸರಕು ಒಳ್ಳೆಯದು?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು ನಮ್ಮೆಲ್ಲರ ಹಳೆಯ ಬ್ಲೀಚಿಂಗ್ ಪೌಡರ್. ಹೊಸದಾಗಿದ್ದಾಗ ಇದರಲ್ಲಿ ಮೂರನೇ ಒಂದು ಪಾಲು ಕ್ಲೋರಿನ್. ಮೇಲಿನ ಲೆಕ್ಕಕ್ಕೆ 1.2 ಕಿಲೋ ಬೇಕು. ಬೆಲೆ ಕಡಿಮೆ, ಆದರೆ ಉಳಿದ ಸುಣ್ಣ ಕೊಳದ ತಳ ಸೇರುತ್ತದೆ. ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಶಕ್ತಿಯೂ ಬೇಗ ಕುಂದುತ್ತದೆ.

ಎರಡನೆಯದು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು. ಶೇಕಡಾ 65ರ ಸರಕಾದರೆ 615 ಗ್ರಾಂ ಸಾಕು. ಆದರೆ ಇದೂ ನೀರಿಗೆ ಕ್ಯಾಲ್ಸಿಯಂ ಸೇರಿಸುತ್ತದೆ. ದಕ್ಷಿಣ ಬೆಂಗಳೂರಿನ ಕೊಳವೆಬಾವಿಯ ಗಡಸು ನೀರು ಎಂಥದೆಂಬುದನ್ನು ಸ್ನಾನದಮನೆಯ ನಲ್ಲಿಗಳ ಮೇಲಿನ ಬಿಳಿ ಕಲೆಗಳೇ ಹೇಳುತ್ತವೆ. ಅಂಥ ನೀರಿನ ಕೊಳಕ್ಕೆ ಪದೇ ಪದೇ ಇದನ್ನೇ ಹಾಕಿದರೆ ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಮೂರನೆಯದು ಕ್ಯಾನಿನಲ್ಲಿ ಬರುವ ದ್ರವ, ಸೋಡಿಯಂ ಹೈಪೋಕ್ಲೋರೈಟ್. ಅಂಗಡಿಯವರ ಬಾಯಲ್ಲಿ ಬರೀ ‘ಹೈಪೋ’. ಶೇಕಡಾ 10ರ ದ್ರವವಾದರೆ ನಾಲ್ಕು ಲೀಟರ್ ಸಾಕು. ಗಡಸು ನೀರಿಗೆ ಇದೇ ವಾಸಿ. ಬಿಸಿಲಿಗೆ ಇಟ್ಟರೆ ಶಕ್ತಿ ಕಳೆದುಕೊಳ್ಳುವುದರಿಂದ ಬೇಕಾದಷ್ಟೇ ತಂದು ಬಳಸಬೇಕು.

ನಾಲ್ಕನೆಯದು ‘ಟಿಸಿಸಿಎ 90’ ಎಂಬ ಬಿಲ್ಲೆ. ನಿಧಾನವಾಗಿ ಕರಗುವುದರಿಂದ ದಿನನಿತ್ಯದ ಬಳಕೆಗೆ ಅನುಕೂಲ. ಆದರೆ ಶಾಕ್ ಕೊಡಲು ತಕ್ಕದ್ದಲ್ಲ. ಇದು ಕರಗಿದಂತೆಲ್ಲ ನೀರಿನಲ್ಲಿ ಸಯನೂರಿಕ್ ಆಮ್ಲ ಉಳಿಯುತ್ತದೆ. ಈ ಆಮ್ಲ ಒಂದು ಬಗೆಯ ಕೊಡೆ ಇದ್ದಂತೆ. ಬಿಸಿಲಿನಿಂದ ಕ್ಲೋರಿನ್ನನ್ನು ಕಾಪಾಡುತ್ತದೆ. 30ರಿಂದ 50 ಪಿ.ಪಿ.ಎಂ. ಇದ್ದರೆ ಬಯಲಿನ ಕೊಳಕ್ಕೆ ಒಳ್ಳೆಯದೇ. ಹೆಚ್ಚಾದರೆ ಮಾತ್ರ ಕೊಡೆಯೇ ಸೆರೆಮನೆಯಾಗಿ, ಕ್ಲೋರಿನ್ ಇದ್ದೂ ಇಲ್ಲದಂತಾಗುತ್ತದೆ. ಬಿಲ್ಲೆಯ ಮೂಲಕ 10 ಪಿ.ಪಿ.ಎಂ. ಕ್ಲೋರಿನ್ ಸೇರಿದಾಗಲೆಲ್ಲ ಸುಮಾರು 6 ಪಿ.ಪಿ.ಎಂ. ಸಯನೂರಿಕ್ ಆಮ್ಲವೂ ಸೇರುತ್ತದೆ. ಇದನ್ನು ತೆಗೆಯಲು ಸುಲಭದ ಮದ್ದಿಲ್ಲ. ಕೊಳದ ಒಂದು ಪಾಲು ನೀರು ಬದಲಿಸಲೇಬೇಕು. ‘ನೀರು ಚೆಲ್ಲಬೇಡಿ’ ಎಂಬ ಮಾತಿಗೆ ಇದೊಂದು ಅಪವಾದ.

ಹೊತ್ತು ಮುಳುಗಿದ ಮೇಲೆ

ಶಾಕ್ ಕೊಡುವುದು ಸಂಜೆಯ ಕೆಲಸ. ಸೂರ್ಯನ ಅತಿನೇರಳೆ ಕಿರಣಗಳು ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತವೆ. ಬೇಸಿಗೆಯ ಮಧ್ಯಾಹ್ನ ಸುರಿದ ಕ್ಲೋರಿನ್ ಅರ್ಧ ಆಕಾಶದ ಪಾಲು.

ಮೊದಲು ಕಸ ತೆಗೆಯಿರಿ. ಜಯನಗರದ ಸಾಲುಮರಗಳ ಚೆಲುವು ಕೊಳದ ಪಾಲಿಗೆ ಶಾಪ. ಗುಲ್‌ಮೊಹರ್, ಹೊಂಗೆ, ಆಕಾಶಮಲ್ಲಿಗೆಯ ಹೂವು ಎಲೆಗಳು ಬಿದ್ದು ಕೊಳೆತಷ್ಟೂ ಕ್ಲೋರಿನ್ ಅವುಗಳ ಮೇಲೇ ವೆಚ್ಚವಾಗುತ್ತದೆ. ಜಾಲರಿಯಿಂದ ಎತ್ತಿ, ಗೋಡೆ ಮತ್ತು ತಳವನ್ನು ಬ್ರಷ್ಷಿನಿಂದ ಉಜ್ಜಿ. ಪಾಚಿಯ ಪೊರೆ ಒಡೆದರೇನೇ ಮದ್ದು ಒಳಗಿಳಿಯುವುದು. ಮರಳಿನ ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿ.

ಆಮೇಲೆ ಪಿ.ಎಚ್. ಸರಿಮಾಡಿ, ಪಂಪು ಚಾಲೂ ಮಾಡಿ. ಪುಡಿ ಅಥವಾ ಹರಳಾದರೆ ನೇರವಾಗಿ ಕೊಳಕ್ಕೆ ಎರಚಬೇಡಿ. ಬಿದ್ದಲ್ಲೇ ಕಲೆ ಮಾಡುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ನೀರು ತುಂಬಿ, ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕದಡಿ. ಪುಡಿಯ ಮೇಲೆ ನೀರು ಸುರಿಯುವುದು ತಪ್ಪು, ಸಿಡಿದೀತು. ಬ್ಲೀಚಿಂಗ್ ಪೌಡರಾದರೆ ಸುಣ್ಣ ತಳಕ್ಕಿಳಿಯಲು ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಳಸಿ. ಕೊಳದ ಸುತ್ತ ನಡೆಯುತ್ತಾ, ಗಾಳಿಗೆ ಬೆನ್ನು ಹಾಕಿ ನಿಧಾನವಾಗಿ ಸುರಿಯಿರಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ರಾತ್ರಿಯಿಡೀ ಪಂಪು ಓಡಬೇಕು. ಕರೆಂಟ್ ಹೋಗುವ ರಾತ್ರಿಯಾದರೆ ಕಾರ್ಯಕ್ರಮವನ್ನು ಮರುದಿನಕ್ಕೆ ಹಾಕುವುದು ಜಾಣತನ. ಪಾಚಿಯ ಕೊಳವಾದರೆ ಬೆಳಿಗ್ಗೆ ನೀರು ಹಸಿರು ಹೋಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಗಾಬರಿ ಬೇಡ, ಅದು ಸತ್ತ ಪಾಚಿ. ತಳಕ್ಕಿಳಿದದ್ದನ್ನು ವ್ಯಾಕ್ಯೂಮ್ ಮಾಡಿ ತೆಗೆಯಬೇಕು. ಪಾಚಿ ದಟ್ಟವಾಗಿದ್ದರೆ ಎರಡು ಮೂರು ರಾತ್ರಿ ಇದೇ ಪೂಜೆ ನಡೆಯಬೇಕಾದೀತು. ಕೊಳವೆಬಾವಿ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಶಾಕ್ ಕೊಟ್ಟ ಕೂಡಲೇ ನೀರು ಕಂದು ಬಣ್ಣಕ್ಕೆ ತಿರುಗುವುದೂ ಉಂಟು. ಅದನ್ನು ಫಿಲ್ಟರಿಗೆ ಬಿಡಿ.

ಮಕ್ಕಳು ಎಷ್ಟೇ ಪೀಡಿಸಲಿ, ಸ್ವತಂತ್ರ ಕ್ಲೋರಿನ್ 3 ಪಿ.ಪಿ.ಎಂ.ಗೆ ಇಳಿಯುವವರೆಗೆ ಮತ್ತು ಕೊಳದ ತಳ ಸ್ಪಷ್ಟವಾಗಿ ಕಾಣುವವರೆಗೆ ಯಾರನ್ನೂ ನೀರಿಗಿಳಿಸಬೇಡಿ. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ದೊಡ್ಡದು. ಮಬ್ಬು ನೀರಿನಲ್ಲಿ ಮುಳುಗುತ್ತಿರುವ ಮಗು ದಡದಲ್ಲಿ ಕುಳಿತವರ ಕಣ್ಣಿಗೆ ಬೀಳುವುದಿಲ್ಲ.

ಮೆಟ್ಟಿಲ ಕೆಳಗಿನ ಬಾಂಬು

ನಮ್ಮ ಮನೆಗಳಲ್ಲಿ ಮೆಟ್ಟಿಲ ಕೆಳಗೊಂದು ಗೂಡು ಇರುತ್ತದೆ. ಫಿನಾಯಿಲ್, ಶೌಚಾಲಯ ತೊಳೆಯುವ ಆಸಿಡ್, ಹಳೆಯ ಬಣ್ಣದ ಡಬ್ಬ, ಸೀಮೆಎಣ್ಣೆ ಎಲ್ಲಕ್ಕೂ ಅದೇ ಮನೆ. ಕೊಳದ ಕ್ಲೋರಿನ್ ಡಬ್ಬಿಯೂ ಅಲ್ಲೇ ಸೇರಿದರೆ ಅಪಾಯ ಕಟ್ಟಿಟ್ಟ ಬುತ್ತಿ.

ಕ್ಲೋರಿನ್ನಿನ ದ್ರವ ಅಥವಾ ಪುಡಿಗೆ ಆಸಿಡ್ ತಾಗಿದರೆ ಹೊರಡುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೈನ್ಯ ಎದುರಾಳಿಗಳ ಮೇಲೆ ಬಿಟ್ಟದ್ದು ಇದೇ ವಿಷಗಾಳಿ. ಪಿ.ಎಚ್. ಇಳಿಸಲು ಆಸಿಡ್, ಕೊಳೆ ಕಳೆಯಲು ಕ್ಲೋರಿನ್, ಎರಡೂ ಕೊಳಕ್ಕೆ ಬೇಕು, ನಿಜ. ಆದರೆ ಒಂದನ್ನು ಹಾಕಿ, ನೀರು ಚೆನ್ನಾಗಿ ಸುತ್ತಿ ಬಂದ ಮೇಲೆಯೇ ಇನ್ನೊಂದು. ಒಂದೇ ಬಕೆಟ್, ಒಂದೇ ಮಗ್ಗು ಎಂದೂ ಕೂಡದು.

ಇನ್ನೊಂದು ಸಂಗತಿ ಎಷ್ಟೋ ಜನಕ್ಕೆ ತಿಳಿದಿಲ್ಲ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳಿಗೂ ಟಿಸಿಸಿಎ ಬಿಲ್ಲೆಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಎರಡೂ ಕ್ಲೋರಿನ್ನೇ ತಾನೆ ಎಂದು ಒಂದೇ ಡಬ್ಬಿಯಲ್ಲಿ ಬೆರೆಸಿದರೆ ಬೆಂಕಿ ಹೊತ್ತಬಹುದು, ಸ್ಫೋಟವೂ ಆಗಬಹುದು. ಎಣ್ಣೆ, ಗ್ರೀಸ್, ಬ್ರೇಕ್ ಆಯಿಲ್ ತಾಗಿದರೂ ಹರಳು ಹೊತ್ತಿಕೊಳ್ಳುತ್ತದೆ. ಒಣಗಿದ, ತಂಪಾದ, ಗಾಳಿಯಾಡುವ ಜಾಗದಲ್ಲಿ, ಮಕ್ಕಳ ಕೈಗೆಟುಕದಂತೆ ಒಂದೊಂದನ್ನೂ ಬೇರೆಯಾಗಿ ಇಡಿ. ಕೆಲಸದವನ ಕೈಗೆ ಡಬ್ಬಿ ಕೊಡುವ ಮುನ್ನ ಈ ಮಾತನ್ನು ಅವನಿಗೂ ತಿಳಿಸಿಹೇಳಿ. ಲೇಬಲ್ಲಿನ ಮೇಲಿನ ಇಂಗ್ಲಿಷ್ ಎಚ್ಚರಿಕೆ ಅವನಿಗೆ ಓದಲು ಬಾರದಿದ್ದರೆ ತಪ್ಪು ಅವನದಲ್ಲ.

ಬಗ್ಗದ ಜೀವಿ

ಕ್ಲೋರಿನ್ ಸರ್ವರೋಗ ನಿವಾರಣಿಯೂ ಅಲ್ಲ. ಒಂದು ಪಿ.ಪಿ.ಎಂ. ಕ್ಲೋರಿನ್ ಇರುವ ನೀರಿನಲ್ಲಿ ಇ.ಕೋಲಿ ಬ್ಯಾಕ್ಟೀರಿಯಾ ಸಾಯಲು ಒಂದು ನಿಮಿಷವೂ ಬೇಡ. ಜಿಯಾರ್ಡಿಯಾ ಎಂಬ ಪರೋಪಜೀವಿಗೆ 45 ನಿಮಿಷ. ಆದರೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂಗೆ 15,300 ನಿಮಿಷ, ಅಂದರೆ ಹತ್ತು ದಿನಕ್ಕೂ ಹೆಚ್ಚು! ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಂಕಿಗಳಿವು. 1993ರಲ್ಲಿ ಅಲ್ಲಿನ ಮಿಲ್ವಾಕಿ ನಗರದ ಕುಡಿಯುವ ನೀರಿಗೆ ಇದು ಸೇರಿ ಸುಮಾರು ನಾಲ್ಕು ಲಕ್ಷ ಜನ ಕಾಯಿಲೆ ಬಿದ್ದರು. ಆ ನೀರಿಗೂ ಕ್ಲೋರಿನ್ ಹಾಕಿಯೇ ಇತ್ತು.

ಭೇದಿಯಾಗುತ್ತಿರುವ ಮಗು ಕೊಳದಲ್ಲೇ ಹೊಲಸು ಮಾಡಿಕೊಂಡರೆ ಎಲ್ಲರನ್ನೂ ಮೇಲೆಬ್ಬಿಸಿ, 20 ಪಿ.ಪಿ.ಎಂ. ಕ್ಲೋರಿನ್ನನ್ನು ಹನ್ನೆರಡೂಮುಕ್ಕಾಲು ಗಂಟೆ ಉಳಿಸಿಕೊಳ್ಳಬೇಕು ಎಂಬುದು ಆ ಕೇಂದ್ರದ ಸಲಹೆ. ನಮ್ಮ ಉದಾಹರಣೆಯ ಕೊಳಕ್ಕೆ ಸುಮಾರು ಎಂಟು ಲೀಟರ್ ಹೈಪೋ ಆಯಿತು. ಸಯನೂರಿಕ್ ಆಮ್ಲವಿದ್ದರೆ ಇದೂ ಸಾಲದು. ಆದ್ದರಿಂದ ಹೊಟ್ಟೆ ಕೆಟ್ಟ ಮಕ್ಕಳನ್ನು ನೀರಿಗಿಳಿಸದಿರುವುದೇ ಉತ್ತಮ ಔಷಧ.

ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಮೆದುಳಿಗೆ ನುಗ್ಗುವ ಅಮೀಬಾ ಜ್ವರ ಜೀವ ತೆಗೆದ ಸುದ್ದಿಗಳನ್ನು ಓದಿರುತ್ತೀರಿ. ಮೂಗಿನ ಮೂಲಕ ನೀರಿನೊಂದಿಗೆ ಒಳಹೋಗುವ ಈ ಜೀವಿಗೆ ಬೆಚ್ಚಗಿನ, ಕ್ಲೋರಿನ್ ಕಾಣದ ನೀರೇ ತವರು. ಅಲ್ಲಿ ಬಾವಿ, ಟ್ಯಾಂಕುಗಳಿಗೆಲ್ಲ ಕ್ಲೋರಿನ್ ಹಾಕುವ ಕೆಲಸ ದೊಡ್ಡದಾಗಿ ನಡೆಯಿತು. ಸರಿಯಾಗಿ ಕ್ಲೋರಿನ್ ಇರುವ ಕೊಳದಲ್ಲಿ ಅದು ಬದುಕಿ ಉಳಿಯದು. ಕೊಳ ಹಸಿರಾಗಿದ್ದರೂ ‘ಕೆರೆಯಲ್ಲಿ ಈಜಿ ಬೆಳೆದವರಲ್ಲವೇ ನಾವು’ ಎಂದು ಮಕ್ಕಳನ್ನು ಬಿಡುವ ಹಿರಿಯರು ಇದನ್ನು ನೆನಪಿಡಬೇಕು.

ಒಲಿಂಪಿಕ್ಸ್‌ಗೂ ತಪ್ಪಲಿಲ್ಲ

ಹಸಿರು ನೀರು ಕಂಡು ನಾಚಿಕೊಳ್ಳಬೇಕಾಗಿಲ್ಲ. 2016ರ ಆಗಸ್ಟ್‌ನಲ್ಲಿ ರಿಯೋ ಒಲಿಂಪಿಕ್ಸ್‌ನ ಡೈವಿಂಗ್ ಕೊಳ ಇಡೀ ಜಗತ್ತು ನೋಡುತ್ತಿರುವಂತೆಯೇ ರಾತ್ರಿ ಬೆಳಗಾಗುವುದರಲ್ಲಿ ಹಸಿರಾಯಿತು. ಪಕ್ಕದ ವಾಟರ್‌ಪೋಲೋ ಕೊಳವೂ ಅದೇ ಹಾದಿ ಹಿಡಿಯಿತು. ತನಿಖೆ ಮಾಡಿದಾಗ ತಿಳಿದದ್ದೇನು? ಗುತ್ತಿಗೆದಾರರೊಬ್ಬರು ಸುಮಾರು 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಅದೂ ಕೊಳೆ ಕಳೆಯುವ ವಸ್ತುವೇ. ಆದರೆ ಕ್ಲೋರಿನ್ನಿನೊಡನೆ ಸೇರಿದರೆ ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಕ್ಲೋರಿನ್ ಇದೆ ಎಂದು ಯಂತ್ರ ತೋರಿಸುತ್ತಿತ್ತು, ನೀರಿನಲ್ಲಿ ಮಾತ್ರ ಅದರ ಶಕ್ತಿ ಉಳಿದಿರಲಿಲ್ಲ. ಕೊನೆಗೆ ಒಂದು ಕೊಳದ ಮೂವತ್ತೇಳು ಲಕ್ಷ ಲೀಟರಿಗೂ ಮಿಕ್ಕಿದ ನೀರನ್ನು ಬದಲಿಸಬೇಕಾಯಿತು. ಒಳ್ಳೆಯ ಎರಡು ಔಷಧಗಳನ್ನು ಕೇಳದೆ ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಅಪರೂಪಕ್ಕೊಮ್ಮೆ ಕೊಳದ ನೀರು ಹೊರಬಿಡಲೇಬೇಕಾದಾಗ ಇನ್ನೊಂದು ಹೊಣೆಯಿದೆ. ಶಾಕ್ ಕೊಟ್ಟ ನೀರನ್ನು ಹಾಗೆಯೇ ಮಳೆನೀರಿನ ಚರಂಡಿಗೆ ಬಿಡಬಾರದು. ಅದು ರಾಜಕಾಲುವೆ ಹಿಡಿದು ಸೇರುವುದು ಕೆರೆಯನ್ನು. ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳದ ಕೆರೆಗಳಲ್ಲಿ ಉಸಿರಾಡುತ್ತಿರುವ ಮೀನುಗಳಿಗೆ ಕ್ಲೋರಿನ್ ವಿಷ. ಕೆಲವು ದಿನ ಬಿಸಿಲಿಗೆ ಬಿಟ್ಟು ಕ್ಲೋರಿನ್ ಇಳಿದ ಮೇಲೆ ಆ ನೀರನ್ನು ಅಂಗಳ ತೊಳೆಯಲು ಬಳಸಬಹುದು. ತುರ್ತಿದ್ದರೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ನನ್ನು ತಣಿಸಬಹುದು. ಹಿಂದೆ ಫೋಟೋ ತೊಳೆಯುವ ಸ್ಟುಡಿಯೋಗಳಲ್ಲಿ ಇದಕ್ಕೂ ‘ಹೈಪೋ’ ಎಂದೇ ಹೆಸರು! ಒಂದು ಹೈಪೋ ಕ್ಲೋರಿನ್ ಕೊಡುತ್ತದೆ, ಇನ್ನೊಂದು ಕಸಿದುಕೊಳ್ಳುತ್ತದೆ. ಅಂಗಡಿಯಲ್ಲಿ ಪೂರ್ತಿ ಹೆಸರು ಹೇಳಿ ಕೇಳುವುದು ಲೇಸು.

ಎಲ್ಲಕ್ಕಿಂತ ಅಗ್ಗದ ಶಾಕ್ ಎಂದರೆ ತಣ್ಣೀರಿನ ಶವರ್. ಕೊಳಕ್ಕಿಳಿಯುವ ಮೊದಲು ಒಂದು ನಿಮಿಷ ಮೈ ತೊಳೆದುಕೊಂಡರೆ ಬೆವರು, ಕ್ರೀಮು, ಧೂಳು ಅಲ್ಲೇ ಉಳಿಯುತ್ತವೆ. ತಲೆತುಂಬ ಹರಳೆಣ್ಣೆ ಹಚ್ಚಿಕೊಂಡು, ‘ಎಣ್ಣೆಸ್ನಾನವೂ ಆಯಿತು, ಈಜೂ ಆಯಿತು’ ಎಂದು ನೇರವಾಗಿ ನೀರಿಗೆ ಹಾರುವ ಸೋದರಮಾವಂದಿರನ್ನು ಮೊದಲು ಬಚ್ಚಲಿಗೆ ಕಳಿಸಬೇಕು!

ಇಷ್ಟೆಲ್ಲ ಆಗಿ, ಆ ಬನಶಂಕರಿಯ ಮನೆಯಲ್ಲಿ ಮಕ್ಕಳು ಭಾನುವಾರ ಈಜಲಿಲ್ಲ. ಸೋಮವಾರವೂ ಇಲ್ಲ. ಬುಧವಾರ ಬೆಳಿಗ್ಗೆ ಅಜ್ಜಿ ಒಂದು ರೂಪಾಯಿಯ ನಾಣ್ಯವನ್ನು ಕೊಳಕ್ಕೆ ಎಸೆದು, ‘ತಳದಲ್ಲಿ ಕಾಣ್ತದೇನ್ರೋ?’ ಎಂದು ಕೇಳಿದರು. ಕಾಣುತ್ತಿತ್ತು. ಟ್ಯಾಂಕರ್ ಒಂದೂ ಬಂದಿರಲಿಲ್ಲ.